ಅತಿಥಿಗೆ ಸಿಗುವ ಉತ್ತರ: ಸೇವಾ ಕಲಿಕೆಯ ಸಂಶೋಧನೆಯಲ್ಲಿ ಸಂಶೋಧಕರ ಜಾಗ ಯಾವುದು?

ವಿದ್ಯಾರ್ಥಿಗಳು ಪಾಠದ ಭಾಗವಾಗಿ ಒಂದು ಸಮುದಾಯದ ಜೊತೆ ಸೇವೆ ಮಾಡಿ ಕಲಿಯುವುದಕ್ಕೆ ಸೇವಾ ಕಲಿಕೆ ಅಥವಾ ಸರ್ವಿಸ್ ಲರ್ನಿಂಗ್ ಅಂತಾರೆ. ಅದರ ಬಗ್ಗೆ ಬಂದ ಸಂಶೋಧನಾ ಲೇಖನಗಳನ್ನು ಸಾಲಾಗಿ ಓದುತ್ತಾ ಹೋದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಹೆಚ್ಚುಕಡಿಮೆ ಎಲ್ಲದರಲ್ಲೂ ಫಲಿತಾಂಶ ಒಳ್ಳೆಯದೇ. ವಿದ್ಯಾರ್ಥಿಗಳಲ್ಲಿ ಅನುಕಂಪ ಬೆಳೆಯಿತು, ಬೇರೆ ಜನರ ಬದುಕಿನ ಅರಿವು ಬಂತು, ಆತ್ಮವಿಶ್ವಾಸ ಹೆಚ್ಚಿತು. ಊರಿನವರಿಗೂ ಖುಷಿಯಾಯಿತು, ಮತ್ತೆ ಬನ್ನಿ ಅಂದರು.

ಇಷ್ಟೊಂದು ದೇಶಗಳಲ್ಲಿ, ಇಷ್ಟೊಂದು ಊರುಗಳಲ್ಲಿ, ಎಲ್ಲ ಕಡೆಯೂ ಕೆಲಸ ಇಷ್ಟು ಚೆನ್ನಾಗಿ ನಡೆಯಿತಾ? ಕೆಲವು ಕಡೆ ನಡೆದಿರಬಹುದು. ಆದರೆ ಇದಕ್ಕೆ ಇನ್ನೂ ಸರಳವಾದ ಕಾರಣ ಒಂದಿದೆ. ಇಂಥ ಅಧ್ಯಯನಗಳಲ್ಲಿ ಸಂಶೋಧಕರ ಕೈಗೆ ಸಿಗುವ ಮಾತುಗಳಲ್ಲಿ ಬಹುಪಾಲು ಮರ್ಯಾದೆಗೆ ಆಡಿದ ಮಾತುಗಳು. ವಿದ್ಯಾರ್ಥಿ ಬರೆಯುವುದು ಅಂಕ ಕೊಡುವ ಮೇಷ್ಟ್ರಿಗೆ. ಊರಿನವರು ಹೇಳುವುದು ಮನೆ ಬಾಗಿಲಿಗೆ ಬಂದ ಅತಿಥಿಗೆ. ಮದುವೆ ಮನೆಯಲ್ಲಿ ಯಜಮಾನರೇ ಎದುರು ನಿಂತು ಊಟ ಹೇಗಿತ್ತು ಅಂತ ಕೇಳಿದರೆ, ಸಾರಿಗೆ ಉಪ್ಪು ಕಮ್ಮಿ ಅಂತ ಯಾರು ತಾನೇ ಹೇಳುತ್ತಾರೆ? ಸಂಶೋಧಕರು ತಾವು ಅಲ್ಲಿ ಯಾರಾಗಿ ನಿಂತಿದ್ದೇವೆ ಅಂತ ನೋಡಿಕೊಳ್ಳದಿದ್ದರೆ ಈ ಮರ್ಯಾದೆಯೇ ಪುರಾವೆಯಾಗಿ ಅಚ್ಚಾಗುತ್ತದೆ. ತಾವು ಯಾರು, ಎಲ್ಲಿ ನಿಂತು ನೋಡುತ್ತಿದ್ದೇವೆ ಅಂತ ಗಮನಿಸಿಕೊಳ್ಳುವುದಕ್ಕೆ ಗುಣಾತ್ಮಕ ಸಂಶೋಧನೆಯ, ಅಂದರೆ ಅಂಕಿಗಿಂತ ಜನರ ಮಾತು ಬರಹಗಳನ್ನು ಆಧರಿಸುವ ಸಂಶೋಧನೆಯ, ಪಾಠಗಳಲ್ಲಿ ಸಂಶೋಧಕರ ಸ್ವಅರಿವು ಅಂತಾರೆ. ಅದು ಮುಖ್ಯವಾಗುವುದು ಇದಕ್ಕೇ.

ಸೇವಾ ಕಲಿಕೆ ಬರೀ ಸಮಾಜ ಸೇವೆ ಅಲ್ಲ. ವಿದ್ಯಾರ್ಥಿ ಒಂದು ಸಮುದಾಯದ ಜೊತೆ ಕೆಲಸ ಮಾಡಬೇಕು, ಆ ಕೆಲಸ ಪಾಠಕ್ಕೆ ಹೊಂದಿಕೊಂಡಿರಬೇಕು, ಮಾಡಿದ್ದರ ಬಗ್ಗೆ ಕೂತು ಯೋಚಿಸಿ ಬರೆಯಬೇಕು, ಅದಕ್ಕೆ ಕ್ರೆಡಿಟ್ ಸಿಗಬೇಕು. ಈ ಹೆಸರು ಬಳಕೆಗೆ ಬಂದಿದ್ದು 1960ರ ದಶಕದ ಕೊನೆಯಲ್ಲಿ, ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ. ರಾಬರ್ಟ್ ಸಿಗ್ಮನ್, ವಿಲಿಯಂ ರಾಮ್ಸೆ ಎಂಬಿಬ್ಬರು ಅದರ ಹಿಂದಿದ್ದರು. 1979ರಲ್ಲಿ ಸಿಗ್ಮನ್ ಮೂರು ತತ್ವ ಹೇಳಿದರು. ಮೊದಲನೆಯದು, ಸೇವೆ ಹೇಗಿರಬೇಕು ಅನ್ನುವುದು ಸೇವೆ ಪಡೆಯುವವರ ಹಿಡಿತದಲ್ಲಿರಬೇಕು ಅಂತ. ಇದನ್ನು ನೆನಪಿಟ್ಟುಕೊಳ್ಳಿ. ಯಾಕೆಂದರೆ ಇವತ್ತಿನ ಬಹುಪಾಲು ಅಧ್ಯಯನಗಳು ಅಳೆಯುವುದು ಸೇವೆ ಕೊಟ್ಟವರಲ್ಲಿ ಆದ ಬದಲಾವಣೆಯನ್ನು.

ಬೇರೆ ಬೇರೆ ಹೆಸರಿನಲ್ಲಿ ಈ ಪದ್ಧತಿ ಎಲ್ಲೆಡೆ ಇದೆ. ಮೆಕ್ಸಿಕೋದಲ್ಲಿ ಪದವಿ ಕೈಗೆ ಬರಬೇಕಾದರೆ ಕನಿಷ್ಠ 480 ಗಂಟೆ ಸಮಾಜ ಸೇವೆ ಮಾಡಿರಬೇಕು. ಹಾಂಗ್‌ಕಾಂಗ್ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯ 2012ರಿಂದ ಸೇವಾ ಕಲಿಕೆಯನ್ನು ಕಡ್ಡಾಯ ಮಾಡಿದೆ. ಜಪಾನಿನ ಇಂಟರ್‌ನ್ಯಾಷನಲ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮಧುರೈನ ಲೇಡಿ ಡೋಕ್ ಕಾಲೇಜಿಗೆ ಬಂದು ಕಲಿಯುತ್ತಾರೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಮೈಸೂರಿಗೆ ಬಂದಿದ್ದಾರೆ. ನಮ್ಮಲ್ಲಿ ಎನ್‌ಎಸ್‌ಎಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ, ಶುರುವಾಗಿದ್ದು 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ. ಎರಡು ವರ್ಷಕ್ಕೆ 240 ಗಂಟೆ ಕೆಲಸ, ಜೊತೆಗೆ 7 ದಿನದ ಕ್ಯಾಂಪ್. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಮುದಾಯದ ಜೊತೆ ಮಾಡುವ ಕೆಲಸಕ್ಕೆ ಕ್ರೆಡಿಟ್ ಇರಲಿ ಅಂದಿತು. ಕ್ರೆಡಿಟ್ ಬಂದ ಕಡೆ ವರದಿ ಬರುತ್ತದೆ, ವರದಿ ಬಂದ ಕಡೆ ಸಂಶೋಧನಾ ಲೇಖನ ಬರುತ್ತದೆ. ಆ ಲೇಖನಗಳನ್ನು ನಂಬಿಕೊಂಡು ಮುಂದಿನ ವರ್ಷದ ಬ್ಯಾಚನ್ನು ಎಲ್ಲಿಗೆ ಕಳಿಸಬೇಕು, ಎಷ್ಟು ದಿನಕ್ಕೆ ಕಳಿಸಬೇಕು ಅಂತ ತೀರ್ಮಾನವಾಗುತ್ತದೆ.

ಮೊದಲು ವಿದ್ಯಾರ್ಥಿಗಳ ಬರಹ ನೋಡೋಣ. ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಬಳಕೆಯಾಗುವ ಸಾಮಗ್ರಿ ಅಂದರೆ ವಿದ್ಯಾರ್ಥಿಗಳು ದಿನದ ಕೊನೆಗೆ ಬರೆಯುವ ಡೈರಿ. ಅದಕ್ಕೆ ಒಂದು ಸಿದ್ಧ ಆಕಾರ ಬಂದುಬಿಟ್ಟಿದೆ. ಮೊದಲ ಪುಟಗಳಲ್ಲಿ ಅಳುಕು: ಊಟ ಹೊಂದುತ್ತದೋ ಇಲ್ಲವೋ, ಶೌಚಾಲಯ ಹೇಗಿದೆಯೋ. ನಡುವಿನಲ್ಲಿ ಒಂದು ಆಘಾತ: ಇಲ್ಲಿ ಇಷ್ಟು ಕಷ್ಟ ಇದೆ ಅಂತ ಗೊತ್ತೇ ಇರಲಿಲ್ಲ. ಕೊನೆಗೆ ಕೃತಜ್ಞತೆ: ಇವರ ಹತ್ತಿರ ಏನೂ ಇಲ್ಲ, ಆದರೂ ಎಷ್ಟು ನೆಮ್ಮದಿಯಾಗಿದ್ದಾರೆ, ನಾನು ಇವರಿಂದ ಕಲಿತೆ. ಈ ಕೊನೆಯ ಸಾಲು ಅಮೆರಿಕದ ಹುಡುಗಿ ಗ್ವಾಟೆಮಾಲಾದಿಂದ ಬರೆದರೂ ಬರುತ್ತದೆ, ಬೆಂಗಳೂರಿನ ಹುಡುಗ ರಾಯಚೂರಿನಿಂದ ಬರೆದರೂ ಬರುತ್ತದೆ. ಹುಡುಗರು ಸುಳ್ಳು ಬರೆಯುತ್ತಾರೆ ಅಂತ ನಾನು ಹೇಳುತ್ತಿಲ್ಲ. ಎಂಥದ್ದನ್ನು ಬರೆದರೆ ಅದು ಒಳ್ಳೆಯ ಚಿಂತನೆ ಅನಿಸಿಕೊಳ್ಳುತ್ತದೆ ಅಂತ ಅವರಿಗೆ ಕ್ಲಾಸಿನಲ್ಲೇ ಗೊತ್ತಾಗಿರುತ್ತದೆ. ಡೈರಿಗೆ ಅಂಕವಿದೆ. ಅಂಕ ಕೊಡುವವರೇ ಸಂಶೋಧಕರು. ಬಹಳ ಸಲ ಕಾರ್ಯಕ್ರಮ ರೂಪಿಸಿದವರೂ ಅವರೇ, ಅದಕ್ಕೆ ದುಡ್ಡು ತಂದವರೂ ಅವರೇ.

ಹೀಗಿರುವಾಗ ಡೈರಿಯಲ್ಲಿ ಅನುಕಂಪ ಅನ್ನುವ ಭಾವ ಎಷ್ಟು ಸಲ ಬಂದಿದೆ ಅಂತ ಗುರುತು ಹಾಕಿ, ಅದನ್ನು ಒಂದು ಮುಖ್ಯ ಅಂಶವಾಗಿ ತೋರಿಸಿದರೆ ತಿಳಿಯುವುದೇನು? ಮೇಷ್ಟ್ರು ಕಲಿಸಿದ್ದನ್ನು ವಿದ್ಯಾರ್ಥಿಗಳು ಮೇಷ್ಟ್ರಿಗೆ ವಾಪಸ್ ಹೇಳಿದರು ಅಂತ. ನನ್ನ ಪ್ರಕಾರ ಡೈರಿಯಲ್ಲಿ ನಿಜವಾಗಿ ಕೆಲಸಕ್ಕೆ ಬರುವುದು ಈ ಆಕಾರಕ್ಕೆ ಒಗ್ಗದ ಪುಟಗಳು. ಬೇಜಾರಾಯಿತು ಅಂತ ಬರೆದ ದಿನ, ಸ್ಥಳೀಯ ಹುಡುಗನ ಜೊತೆ ಜಗಳವಾದ ದಿನ, ಸುಮ್ನೆ ಏನೂ ಬರೆಯದೆ ಬಿಟ್ಟ ದಿನ. ಅವು ಸಿಗಬೇಕಾದರೆ ಅಂಕ ಪ್ರಕಟವಾದ ಮೇಲೆ, ಪಾಠ ಮಾಡದ ಬೇರೊಬ್ಬರು ವಿದ್ಯಾರ್ಥಿಗಳ ಒಪ್ಪಿಗೆ ಕೇಳಿ ಡೈರಿ ಪಡೆಯಬೇಕು. ಒಪ್ಪಿಗೆ ಕೊಡದವರು ಯಾರು ಅನ್ನುವುದು ಮೇಷ್ಟ್ರಿಗೆ ಗೊತ್ತಾಗಬಾರದು. ಇದು ಮಾಡಲಾಗದಂಥ ಕೆಲಸವೇನೂ ಅಲ್ಲ.

ಊರಿನವರ ಮಾತು ಇನ್ನೂ ಸೂಕ್ಷ್ಮ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದು ಹಾಡಿಯಲ್ಲಿ, ಅಂದರೆ ಆದಿವಾಸಿಗಳ ಕೇರಿಯಲ್ಲಿ, ನಡೆಯುವ ಸಂದರ್ಶನವನ್ನು ಊಹಿಸಿಕೊಳ್ಳಿ. ಇದು ಯಾವುದೋ ಒಂದು ಸಂಸ್ಥೆಯ ಕಥೆಯಲ್ಲ, ಎಲ್ಲಿ ಬೇಕಾದರೂ ನಡೆಯಬಹುದಾದದ್ದು. ಜೀಪು ಬಂದು ನಿಲ್ಲುತ್ತದೆ. ಯಾರೋ ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತರುತ್ತಾರೆ. ಸಂಶೋಧಕರು ಬೇಡ ಬೇಡ ಅಂದರೂ ಕೂರಿಸುತ್ತಾರೆ. ಜೇನುಕುರುಬ ಹೆಂಗಸು ಜಗಲಿಯ ಕೆಳಗೆ ನೆಲದ ಮೇಲೆ ಕೂರುತ್ತಾಳೆ. ನಡುವೆ ರೆಕಾರ್ಡಿಂಗ್ ಹಾಕಿದ ಮೊಬೈಲು. ಕಾರ್ಯಕ್ರಮ ನಡೆಸುವ ಸಂಸ್ಥೆಯ ಫೀಲ್ಡ್ ವರ್ಕರ್ ಪಕ್ಕದಲ್ಲಿ ನಿಂತಿದ್ದಾನೆ, ಇಂಗ್ಲಿಷಿನಿಂದ ಕನ್ನಡಕ್ಕೆ ಮಾತು ದಾಟಿಸುವವನು ಅವನೇ. ಆ ಹೆಂಗಸು ಮನೆಯಲ್ಲಿ ಆಡುವುದು ಜೇನುಕುರುಬರ ಮಾತು, ಇವನ ಎದುರಿಗೆ ಮೈಸೂರಿನ ಕನ್ನಡ. ಕಳೆದ ತಿಂಗಳು ಮಗುವಿಗೆ ಜ್ವರ ಬಂದಾಗ ಆಸ್ಪತ್ರೆಗೆ ಕರೆದುಕೊಂಡು ಹೋದವನೂ ಇವನೇ. ಈಗ ಪ್ರಶ್ನೆ: ವಿದ್ಯಾರ್ಥಿಗಳು ಬಂದಿದ್ದರಲ್ಲ, ಹೇಗಿತ್ತು?

ಚೆನ್ನಾಗಿತ್ತು ಅಂತಾಳೆ. ಇನ್ನೇನು ಹೇಳುತ್ತಾಳೆ?

ಅವಳ ಉತ್ತರದಲ್ಲಿ ಹಲವು ಲೆಕ್ಕಗಳಿವೆ. ಬಂದವರು ದೂರದಿಂದ ಬಂದಿದ್ದಾರೆ, ಅವರ ಮನಸ್ಸು ನೋಯಿಸಬಾರದು. ಫೀಲ್ಡ್ ವರ್ಕರ್ ನಾಳೆಯೂ ಬೇಕು. ಈ ಭಾಗದ ಹಾಡಿಗಳಲ್ಲಿರುವ ಎಷ್ಟೋ ಜನ ನಾಗರಹೊಳೆ, ಬಂಡೀಪುರದ ಕಾಡಿನಿಂದ ಹೊರಗೆ ಬಂದವರು. ಕಬಿನಿ ಅಣೆಕಟ್ಟೆಗೆ ಜಾಗ ಬಿಟ್ಟವರೂ ಇದ್ದಾರೆ. ಪ್ಯಾಂಟು ಶರಟು ಹಾಕಿಕೊಂಡು, ಕೈಯಲ್ಲಿ ಕಾಗದ ಹಿಡಿದು ಬಂದವರ ಮುಂದೆ ಏನು ಮಾತಾಡಬೇಕು, ಏನು ಬಿಡಬೇಕು ಅಂತ ಇವರ ಹಿರಿಯರು ತಲೆಮಾರಿನಿಂದ ಕಲಿತಿದ್ದಾರೆ. ಸಂಶೋಧಕರಿಗೆ ತಾವು ಸ್ವತಂತ್ರ ವಿದ್ವಾಂಸರು ಅಂತ ಅನಿಸಿರಬಹುದು. ಆ ಹೆಂಗಸಿನ ಕಣ್ಣಿಗೆ ಅವರು ಸಂಸ್ಥೆಯವರು, ಇಲ್ಲವೇ ಸರ್ಕಾರದವರು, ಇಲ್ಲವೇ ಸಂಸ್ಥೆಗೆ ದುಡ್ಡು ಕೊಡುವವರು.

ಸ್ವಅರಿವಿನ ಬಗ್ಗೆ ಮಾತಾಡುವಾಗ ಜಾಸ್ತಿ ತಪ್ಪುವುದು ಇಲ್ಲೇ. ನಾನು ಯಾರು, ನನ್ನ ಹಿನ್ನೆಲೆ ಏನು, ನನ್ನ ಪೂರ್ವಗ್ರಹ ಏನು ಅಂತ ಒಳಗೆ ನೋಡಿಕೊಳ್ಳುವುದಕ್ಕೇ ಎಲ್ಲರೂ ಗಮನ ಕೊಡುತ್ತಾರೆ. ಎದುರಿಗೆ ಕೂತವರು ನನ್ನನ್ನು ಯಾರು ಅಂದುಕೊಂಡಿದ್ದಾರೆ ಅನ್ನುವುದು ಅದಕ್ಕಿಂತ ಮುಖ್ಯ. ಅದು ಒಬ್ಬರೇ ಕೂತು ಯೋಚಿಸಿದರೆ ಸಿಗುವುದಿಲ್ಲ. ಹೋಗಿ ಕೇಳಬೇಕು, ಸಮಯ ಕೊಡಬೇಕು, ಮೊದಲ ಭೇಟಿಯ ಉತ್ತರ ಮತ್ತು ನಾಲ್ಕನೇ ಭೇಟಿಯ ಉತ್ತರ ಯಾಕೆ ಬೇರೆಯಾಯಿತು ಅಂತ ನೋಡಬೇಕು.

ಹೊರಗಿನವರ ಬದಲು ನಮ್ಮವರೇ ಸಂಶೋಧನೆ ಮಾಡಿದರೆ ಈ ತೊಂದರೆ ಇರುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ಇದಕ್ಕೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ಅನುಭವಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. 1948ರಲ್ಲಿ ಅವರು ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಉಳಿದರು. ಬರವಣಿಗೆಯಲ್ಲಿ ಅದಕ್ಕೆ ರಾಂಪುರ ಅಂತ ಹೆಸರಿಟ್ಟರು. ಶ್ರೀನಿವಾಸ್ ಮೈಸೂರಿನವರೇ, ಅವರ ಹಿರಿಯರ ಊರೂ ಆ ಕಡೆಯದೇ. ಆದರೆ ಅವರು ಅಯ್ಯಂಗಾರ್, ಆಕ್ಸ್‌ಫರ್ಡಿನಲ್ಲಿ ಓದಿ ಬಂದವರು. ಊರಿನ ಪಟೇಲರ ಆಶ್ರಯದಲ್ಲಿ, ಅವರಿಗೆ ಸೇರಿದ ಕಟ್ಟಡದಲ್ಲೇ ಇದ್ದರು. ಪಟೇಲರ ಅತಿಥಿಗೆ ಊರು ಯಾವ ಮುಖ ತೋರಿಸುತ್ತದೋ ಆ ಮುಖ ಅವರಿಗೆ ಚೆನ್ನಾಗಿ ಕಂಡಿತು. ದಲಿತರ ಕೇರಿ, ಮುಸ್ಲಿಮರ ಮನೆಗಳ ಜೊತೆ ಅಷ್ಟು ಒಡನಾಟ ಸಿಗಲಿಲ್ಲ. ತಾವು ಕಂಡದ್ದು ಹೆಚ್ಚಾಗಿ ಮೇಲ್ಜಾತಿಯವರ ಕಡೆಯಿಂದ ಕಂಡ ಊರು ಅಂತ ಶ್ರೀನಿವಾಸ್ ಅವರೇ ಮುಂದೆ ಒಪ್ಪಿಕೊಂಡರು.

1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಯಾರೋ ಇಟ್ಟ ಬೆಂಕಿಗೆ ಅವರು ವಿಂಗಡಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಹದಿನೆಂಟು ವರ್ಷದ ಕೆಲಸ ಅದು. ಆಮೇಲೆ ಹೆಚ್ಚಾಗಿ ನೆನಪಿನಿಂದ ಬರೆದ ಪುಸ್ತಕ 1976ರಲ್ಲಿ ಬಂತು. ನೆನಪಿನಿಂದ ಬರೆದದ್ದರಿಂದ ಅದರಲ್ಲಿ ಶ್ರೀನಿವಾಸ್ ಕೂಡ ಒಂದು ಪಾತ್ರವಾಗಿ ಓಡಾಡುತ್ತಾರೆ. ಯಾರು ಯಾವ ಸಂದರ್ಭದಲ್ಲಿ ಅವರಿಗೆ ಏನು ಹೇಳಿದರು, ಯಾರು ಅವರ ನಡತೆ ನೋಡಿ ಆಕ್ಷೇಪಿಸಿದರು ಅನ್ನುವುದೂ ಓದುಗರಿಗೆ ಕಾಣುತ್ತದೆ. ಬರೆದವರು ಎಲ್ಲಿ ನಿಂತು ನೋಡಿದರು ಅಂತ ಗೊತ್ತಾದ ಮೇಲೆ, ಅವರು ನೋಡದೆ ಬಿಟ್ಟದ್ದು ಏನು ಅಂತ ಓದುಗರೇ ಅಂದಾಜು ಮಾಡಬಹುದು. ಈ ಪ್ರಾಮಾಣಿಕತೆಯ ಬೆಲೆ ದೊಡ್ಡದು ಅಂತ ನನ್ನ ನಂಬಿಕೆ.

ಇದನ್ನು ಸೇವಾ ಕಲಿಕೆಗೆ ತಂದು ನೋಡಿ. ಬೆಂಗಳೂರಿನ ಕಾಲೇಜಿನಿಂದ ಯಾದಗಿರಿಗೆ ಹೋದ ಅಧ್ಯಾಪಕಿ ಕನ್ನಡದವರೇ. ಆದರೂ ಊರಿಗೆ ಕಾಲಿಟ್ಟ ಹತ್ತು ನಿಮಿಷದಲ್ಲಿ ನಿಮ್ಮದು ಯಾವೂರು, ಯಾವ ಜನ, ಯಾರ ಪೈಕಿ ಅಂತ ವಿಚಾರಣೆ ಆಗುತ್ತದೆ. ಉತ್ತರ ಕೊಟ್ಟರೆ ಒಂದು ಕೇರಿಯ ಬಾಗಿಲು ತೆರೆಯುತ್ತದೆ, ಇನ್ನೊಂದರ ಬಾಗಿಲು ಅರ್ಧ ಮುಚ್ಚುತ್ತದೆ. ಉತ್ತರ ಕೊಡದಿದ್ದರೂ ಹೆಸರು, ಮಾತಿನ ಧಾಟಿ, ಊಟದಲ್ಲಿ ಏನು ಬಿಟ್ಟರು ಅನ್ನುವುದರಿಂದ ಜನ ಲೆಕ್ಕ ಹಾಕಿಬಿಡುತ್ತಾರೆ. ಜರ್ಮನಿಯಿಂದ ಬಂದವಳಿಗೆ ಈ ಪ್ರಶ್ನೆಯೇ ಬರುವುದಿಲ್ಲ. ಹಾಗಾಗಿ ನಮ್ಮವರಿಗೆ ಹೇಳದ ಕೆಲವು ಮಾತುಗಳನ್ನು ಅವಳ ಮುಂದೆ ಸಲೀಸಾಗಿ ಹೇಳುತ್ತಾರೆ. ಬೇರೆ ಸಂಸ್ಕೃತಿಯವರ ನಡುವೆ ಸಂಶೋಧನೆ ಮಾಡುವುದು ಅಂದರೆ ಬೇರೆ ದೇಶಕ್ಕೆ ಹೋಗುವುದು ಅಂತ ತಿಳಿದರೆ ಸಾಲದು. ಒಂದೇ ಜಿಲ್ಲೆಯೊಳಗೆ ಆ ಗೆರೆ ಎಷ್ಟು ಸಲ ಹಾದುಹೋಗುತ್ತದೆ ಅಲ್ವಾ? ಇನ್ನು ಅಮೆರಿಕದಲ್ಲಿ ಪಿಎಚ್‌ಡಿ ಮಾಡುವ ಕನ್ನಡಿಗರದು ಮತ್ತೂ ವಿಚಿತ್ರ ಸ್ಥಿತಿ. ಅಲ್ಲಿನ ವಿಭಾಗದಲ್ಲಿ ಅವರು ಭಾರತದ ಒಳಗಿನ ದನಿ, ಇಲ್ಲಿನ ಹಳ್ಳಿಯಲ್ಲಿ ಅಮೆರಿಕದಿಂದ ಬಂದವರು. ಒಳಗಿನವರು ಹೊರಗಿನವರು ಅನ್ನುವ ಗಡಿ ಗಟ್ಟಿಯಾದದ್ದಲ್ಲ ಅಂತ ಮಾನವಶಾಸ್ತ್ರಜ್ಞೆ ಕಿರಿನ್ ನಾರಾಯಣ್ 1993ರಲ್ಲೇ ವಾದಿಸಿದ್ದರು.

ವಿದ್ವತ್ ಲೋಕದಲ್ಲಿ ಈ ಚರ್ಚೆ ಬಿಸಿಯಾಗಲು ಒಂದು ದೊಡ್ಡ ಕಾರಣ ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿಯ ಡೈರಿ. ಮೊದಲ ಮಹಾಯುದ್ಧದ ಕಾಲದಲ್ಲಿ ಪಪುವಾ ನ್ಯೂಗಿನಿಯ ಟ್ರೋಬ್ರಿಯಾಂಡ್ ದ್ವೀಪದ ಜನರ ನಡುವೆ ಇದ್ದು ಕ್ಷೇತ್ರಕಾರ್ಯಕ್ಕೆ ಮಾದರಿ ಹಾಕಿಕೊಟ್ಟವರು ಅವರು. ಅವರು ತೀರಿಕೊಂಡ 25 ವರ್ಷದ ಮೇಲೆ, 1967ರಲ್ಲಿ, ಅವರ ಖಾಸಗಿ ದಿನಚರಿ ಅಚ್ಚಾಯಿತು. ಆ ಜನರ ಬಗ್ಗೆ ಅದರಲ್ಲಿದ್ದ ಸಿಟ್ಟು, ತಾತ್ಸಾರ ಓದಿ ಎಲ್ಲರೂ ದಂಗಾದರು. ಮರುವರ್ಷ ಪಾದ್ರಿಯೂ ಚಿಂತಕರೂ ಆಗಿದ್ದ ಇವಾನ್ ಇಲಿಚ್, ಬೇಸಿಗೆ ರಜೆಯಲ್ಲಿ ಸೇವೆಗೆಂದು ಮೆಕ್ಸಿಕೋಕ್ಕೆ ಬರುತ್ತಿದ್ದ ಅಮೆರಿಕದ ವಿದ್ಯಾರ್ಥಿಗಳಿಗೆ ನೇರವಾಗಿ ಹೇಳಿದರು: ನೋಡಲು ಬನ್ನಿ, ಕಲಿಯಲು ಬನ್ನಿ, ಉದ್ಧಾರ ಮಾಡಲು ಮಾತ್ರ ಬರಬೇಡಿ ಅಂತ.

ಈ ಚರ್ಚೆಯಿಂದ ಬೆಳೆದದ್ದೇ ಈಗ ಪ್ರಬಂಧಗಳಲ್ಲಿ ಕಾಣುವ, ಸಂಶೋಧಕರು ತಮ್ಮ ಹಿನ್ನೆಲೆ ಹೇಳಿಕೊಳ್ಳುವ ಪ್ಯಾರಾಗ್ರಾಫ್. ನಾನು ನಗರದ ಮಧ್ಯಮ ವರ್ಗದ, ಇಂಥ ಜಾತಿಯ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಹಿಳೆ, ಇದು ನನ್ನ ಅಧ್ಯಯನದ ಮೇಲೆ ಪ್ರಭಾವ ಬೀರಿರಬಹುದು. ಸಂಶೋಧನೆ ಹೇಗೆ ಮಾಡಿದೆ ಅಂತ ಹೇಳುವ ಮೂರನೇ ಅಧ್ಯಾಯದಲ್ಲಿ ಇಷ್ಟು ಬರೆದು ಮುಂದೆ ಹೋದರೆ ಮುಗಿಯಿತು. ಯಾವ ಸಂದರ್ಶನದ ಮೇಲೆ, ಯಾವ ತೀರ್ಮಾನದ ಮೇಲೆ, ಹೇಗೆ ಪ್ರಭಾವ ಬೀರಿತು ಅನ್ನುವುದು ಫಲಿತಾಂಶ ಬರೆಯುವ ನಾಲ್ಕು, ಐದನೇ ಅಧ್ಯಾಯದಲ್ಲಿ ಎಲ್ಲೂ ಬರುವುದಿಲ್ಲ. ಆ ಪ್ಯಾರಾವನ್ನು ಕಿತ್ತು ತೆಗೆದರೂ ಉಳಿದ ಪ್ರಬಂಧ ಒಂದು ಅಕ್ಷರ ಬದಲಾಗುವುದಿಲ್ಲ ಅಂತಾದರೆ ಅದನ್ನು ಬರೆದು ಏನು ಬಂತು? ಸಂಶೋಧಕರ ಸ್ವಅರಿವು ತಪ್ಪೊಪ್ಪಿಗೆಯಾಗಿ, ಮನಸ್ಸು ಹಗುರ ಮಾಡಿಕೊಳ್ಳುವ ದಾರಿಯಾಗಿ ಉಳಿದುಬಿಡುವ ಅಪಾಯದ ಬಗ್ಗೆ ಅಮೆರಿಕದ ಶಿಕ್ಷಣ ಸಂಶೋಧಕಿ ವಾಂಡಾ ಪಿಲ್ಲೊ 2003ರಲ್ಲಿ ಬರೆದರು. ಸ್ವಅರಿವು ನಮಗೆ ಸಮಾಧಾನ ಕೊಡಬಾರದು, ಮುಜುಗರ ತರಬೇಕು ಅನ್ನುವುದು ಅವರ ವಾದದ ಸಾರ. ಇಪ್ಪತ್ತು ವರ್ಷ ದಾಟಿದರೂ ಆ ಎಚ್ಚರಿಕೆ ಇವತ್ತಿಗೂ ಹೊಂದುತ್ತದೆ.

ಹಾಗಾದರೆ ಕೆಲಸದಲ್ಲಿ ಅದು ಹೇಗೆ ಕಾಣಬೇಕು? ನನಗೆ ಮೊದಲು ತೋಚುವುದು ಪ್ರಶ್ನೆಗಳನ್ನು ಬದಲಿಸುವುದು. ವಿದ್ಯಾರ್ಥಿಗಳು ಬಂದದ್ದು ಹೇಗಿತ್ತು ಅಂತ ಕೇಳಿದರೆ ಮರ್ಯಾದೆಯ ಉತ್ತರವೇ ಬರುತ್ತದೆ. ಅವರು ಬಂದ ದಿನ ನೀವು ಕೂಲಿಗೆ ಹೋದಿರಾ? ಅಡುಗೆ ಮಾಡಿದವರು ಯಾರು? ಅಷ್ಟು ಜನಕ್ಕೆ ನೀರು ತಂದವರು ಯಾರು? ಅವರು ಬಣ್ಣ ಬಳಿದ ಶಾಲೆಯ ಗೋಡೆ ಈಗ ಹೇಗಿದೆ? ಅವರು ಹೋದ ಮೇಲೆ ಮಾಡಬೇಕಾಗಿ ಬಂದ ಕೆಲಸ ಏನಾದರೂ ಇತ್ತಾ? ಇವುಗಳಿಗೆ ಉತ್ತರ ಹೇಳಲು ಯಾರನ್ನೂ ಹೊಗಳಬೇಕಿಲ್ಲ, ಯಾರನ್ನೂ ತೆಗಳಬೇಕಿಲ್ಲ. ನಡೆದದ್ದು ಹೇಳಿದರೆ ಸಾಕು. ಆತಿಥ್ಯದ ಹೊರೆ ಹೆಂಗಸರ ಮೇಲೆ ಬಿತ್ತು ಅನ್ನುವುದು ಇಂಥ ಪ್ರಶ್ನೆಯಿಂದಲೇ ಹೊರಬರುತ್ತದೆ. ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ರ‍್ಯಾಂಡಿ ಸ್ಟೋಕರ್ ಮತ್ತು ಎಲಿಜಬೆತ್ ಟ್ರಯಾನ್ ತಂಡ, ಸೇವಾ ಕಲಿಕೆಯ ವಿದ್ಯಾರ್ಥಿಗಳನ್ನು ಕರೆಸಿಕೊಳ್ಳುವ ಸ್ಥಳೀಯ ಸಂಸ್ಥೆಗಳನ್ನೇ ಮಾತಾಡಿಸಿತು. 2009ರಲ್ಲಿ ಅದು ಪುಸ್ತಕವಾಯಿತು. ಕೆಲವೇ ವಾರಕ್ಕೆಂದು ಬರುವ ವಿದ್ಯಾರ್ಥಿಗಳಿಗೆ ಕೆಲಸ ಹೇಳಿಕೊಡುವುದರಲ್ಲೇ ಸಮಯ ಹೋಗುತ್ತದೆ, ಸಿಗುವ ಪ್ರಯೋಜನಕ್ಕಿಂತ ಹೊರೆಯೇ ಜಾಸ್ತಿ ಅನ್ನುವ ದೂರು ಅಲ್ಲಿ ಎದ್ದು ಕಂಡಿತು. ಆ ಸಂಸ್ಥೆಗಳವರ ಈ ದನಿ ಅದಕ್ಕೆ ಮುಂಚೆ ಅಷ್ಟಾಗಿ ಕೇಳಿಬಂದಿರಲಿಲ್ಲ. ಕೇಳುವ ರೀತಿ ಬದಲಾಯಿತು, ಉತ್ತರವೂ ಬದಲಾಯಿತು.

ದುಭಾಷಿಯ ವಿಷಯದಲ್ಲೂ ಇದೇ ಎಚ್ಚರ ಬೇಕು. ಕಾರ್ಯಕ್ರಮ ನಡೆಸುವ ಸಂಸ್ಥೆಯ ನೌಕರ ದುಭಾಷಿಯಾದರೆ ಮಾತು ಅವನ ಕೆಲಸದ ಭದ್ರತೆಯನ್ನು ದಾಟಿಕೊಂಡು ಬರಬೇಕು. ಅವನು ಯಾರು, ಊರಿಗೂ ಅವನಿಗೂ ಏನು ಸಂಬಂಧ ಅಂತ ಪ್ರಬಂಧದಲ್ಲಿ ಬರೆಯಲಿ. ಸಾಧ್ಯವಾದರೆ ಆ ಸಮುದಾಯದ ಓದಿದ ಯುವಕ ಯುವತಿಯರನ್ನೇ ಸಂಬಳ ಕೊಟ್ಟು ಜೊತೆ ಸಂಶೋಧಕರಾಗಿ ಸೇರಿಸಿಕೊಳ್ಳಲಿ. ಬಂದ ತೀರ್ಮಾನಗಳನ್ನು ಊರಿನ ಮುಂದೆ ಇಟ್ಟು ಸರಿ ಇದೆಯಾ ಅಂತ ಕೇಳುವ ಪದ್ಧತಿಯೂ ಇದೆ. ಅಲ್ಲೂ ಅತಿಥಿ ಎದುರಿಗಿದ್ದರೆ ಎಲ್ಲರೂ ತಲೆ ಆಡಿಸುತ್ತಾರೆ. ಓದಿ ಹೇಳಿ, ಅವರ ಮಾತಿನಲ್ಲೇ ಚರ್ಚೆ ಮಾಡಲು ಬಿಟ್ಟು, ಎದ್ದು ಆಚೆ ಹೋಗುವುದು ಒಳ್ಳೆಯದು.

ಇನ್ನೂ ಮುಂದೆ ಹೋಗಿ ಸಮುದಾಯಗಳೇ ನಿಯಮ ಬರೆದ ಉದಾಹರಣೆ ಇದೆ. ದಕ್ಷಿಣ ಆಫ್ರಿಕಾದ ಮೂಲನಿವಾಸಿಗಳಾದ ಸ್ಯಾನ್ ಜನ 2017ರಲ್ಲಿ ತಮ್ಮದೇ ಸಂಶೋಧನಾ ನೀತಿಸಂಹಿತೆ ಪ್ರಕಟಿಸಿದರು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ ಅದರ ತಳಹದಿ. 2010ರಲ್ಲಿ ಸ್ಯಾನ್ ಜನರ ವಂಶವಾಹಿಗಳ ಬಗ್ಗೆ ಬಂದ ಒಂದು ಪ್ರಬಂಧದಲ್ಲಿ ತಮ್ಮ ನಾಯಕರನ್ನು ಕೇಳಿರಲಿಲ್ಲ, ಬಳಸಿದ ಪದಗಳು ಅವಮಾನಕರವಾಗಿದ್ದವು ಅನ್ನುವ ನೋವು ಅದರ ಹಿಂದಿತ್ತು. ಬಂದು ಹೋಗುವ ಸಂಶೋಧಕರು ಕೊಟ್ಟ ಮಾತು ಉಳಿಸಿಕೊಳ್ಳುವುದಿಲ್ಲ ಅನ್ನುವ ಹಳೆಯ ದೂರೂ ಇತ್ತು. ಕರ್ನಾಟಕದಲ್ಲಿ ಇದಕ್ಕೆ ನೆಲ ಸಿದ್ಧವಾಗಿಯೇ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಅಲ್ಲಿನ ಗ್ರಾಮಸಭೆಗಳು ಕಾಡಿನ ಬಗ್ಗೆ ಕೂತು ನಿರ್ಧಾರ ಮಾಡುತ್ತವೆ. ತಮ್ಮ ಪೋಡಿಗೆ, ಅಂದರೆ ತಮ್ಮ ಹಟ್ಟಿಗೆ, ಯಾರು ಬಂದು ಏನನ್ನು ಅಧ್ಯಯನ ಮಾಡಬೇಕು ಅನ್ನುವುದನ್ನೂ ಅದೇ ಸಭೆ ಯಾಕೆ ತೀರ್ಮಾನಿಸಬಾರದು? ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಪತ್ರದ ಜೊತೆಗೆ ಗ್ರಾಮಸಭೆಯ ಒಪ್ಪಿಗೆ ಪತ್ರವೂ ಇರಲಿ. ಬೇಡ ಅನ್ನುವ ಹಕ್ಕು ಇರುವವರು ಹೇಳಿದ ಚೆನ್ನಾಗಿತ್ತು ಅನ್ನುವ ಮಾತಿಗೆ ತೂಕ ಬರುತ್ತದೆ.

ಇದೆಲ್ಲಕ್ಕೂ ಸಮಯ ಬೇಕು, ದುಡ್ಡು ಬೇಕು. ಈಗಿನ ಸಂಶೋಧನಾ ಅರ್ಜಿಗಳಲ್ಲಿ ಲ್ಯಾಪ್‌ಟಾಪಿಗೆ, ಸಾಫ್ಟ್‌ವೇರಿಗೆ, ಸಮ್ಮೇಳನಕ್ಕೆ ಹೋಗುವ ಪ್ರಯಾಣಕ್ಕೆ ಕಾಲಂ ಇರುತ್ತದೆ. ಬರೆದದ್ದನ್ನು ಕನ್ನಡಕ್ಕೆ ತರಲು, ಅದನ್ನು ಹಿಡಿದುಕೊಂಡು ಊರಿಗೆ ವಾಪಸ್ ಹೋಗಲು, ಎರಡು ದಿನ ಕೂಲಿ ಬಿಟ್ಟು ಕೂತು ಚರ್ಚೆ ಮಾಡಿದವರಿಗೆ ಆ ಕೂಲಿ ಕೊಡಲು ಕಾಲಂ ಬೇಕು. ಪಿಎಚ್‌ಡಿ ಗೈಡ್‌ಗಳು ಅರ್ಜಿಗೆ ಸಹಿ ಹಾಕುವ ಮುಂಚೆ ಅದನ್ನು ನೋಡಲಿ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಹಿನ್ನೆಲೆ ಹೇಳಿಕೊಳ್ಳುವ ಆ ಪ್ಯಾರಾಗ್ರಾಫನ್ನು ಬಿಟ್ಟು, ಊರಿನವರು ನಿಮ್ಮ ಯಾವ ತೀರ್ಮಾನವನ್ನು ಒಪ್ಪಲಿಲ್ಲ, ಅದನ್ನು ಎಲ್ಲಿ ಬರೆದಿದ್ದೀರಿ, ಪುಟ ತೋರಿಸಿ ಅಂತ ಕೇಳಲಿ.